ನಾನು ಸೇರಿಸಿದ ಎರಡು ಸಾಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಇಷ್ಟು ವಯಸ್ಸಾದ ಮೇಲೂ ಅದು ಇಳಿದಿಲ್ಲ, ಆಗಂತೂ ಕೇಳಲೇಬೇಡಿ. ಬೆಸಗರಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಹಗಲೆಲ್ಲ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ಸಂಜೆಯಾದರೆ ಚಾವಡಿಯ ಜಗಲಿಯ ಮೇಲೆ ಕುಳಿತು ಇಡೀ ಪ್ರಪಂಚವನ್ನು ಆಳುತ್ತಿದ್ದೆ. ಮದ್ದೂರಿನಿಂದ ಬಸ್ಸಿನಲ್ಲಿ ಪೇಪರು ಬರುತ್ತಿತ್ತು, ಒಂದು ದಿನ ತಡವಾಗಿ. ಯುದ್ಧ ಶುರುವಾಗಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿ ಓಡಿಸತೊಡಗಿದ ಮೇಲೆ ಎರಡು ದಿನ ತಡ. ಎಷ್ಟೇ ತಡವಾಗಲಿ, ನಾನು ಓದಿ ಹೇಳುವವರೆಗೆ ನಮ್ಮೂರಿನಲ್ಲಿ ಲಂಡನ್ನಿನದಾಗಲಿ ಟೋಕಿಯೋದಾಗಲಿ ಯಾವ ಸುದ್ದಿಯೂ ಆಗುತ್ತಿರಲಿಲ್ಲ.

ಓದುವುದು ಅಂದೆನಲ್ಲ, ಅದು ಬರೀ ಮಾತು. ಪೇಪರಿನಲ್ಲಿ ನಾಲ್ಕು ಸಾಲಿದ್ದರೆ ನಾನು ಹೇಳುತ್ತಿದ್ದುದು ನಲವತ್ತು ಸಾಲು. ಸ್ಕೂಲಿನ ಗೋಡೆಯಿಂದ ಭೂಪಟವನ್ನು ಬಿಚ್ಚಿ ತಂದು ಚಾವಡಿಯ ಕಂಬಕ್ಕೆ ನೇತುಹಾಕಿ, ಬೆತ್ತದಲ್ಲಿ ತೋರಿಸುತ್ತಿದ್ದೆ. ‘ಇದೆಲ್ಲ ಪಡುವಣದವರು. ತಕ್ಕಡಿ ಹಿಡಿದುಕೊಂಡು ವ್ಯಾಪಾರಕ್ಕೆ ಅಂತ ಬಂದು ನಮ್ಮ ಗದ್ದುಗೆ ಹತ್ತಿದವರು. ಇದೆಲ್ಲ ಮೂಡಣದವರು, ನಾವು. ನಾವು ಒಂದಾದ ದಿನ ಇವರ ಆಟ ಮುಗಿಯಿತು.’ ಬಹಳ ಹಿಂದೆ ರಷ್ಯಾದ ಹಡಗುಗಳನ್ನು ಜಪಾನಿನವರು ಮುಳುಗಿಸಿದ ಸುದ್ದಿ ಬಂದಾಗ ನಮ್ಮಪ್ಪ ದೇವರಿಗೆ ತೆಂಗಿನಕಾಯಿ ಒಡೆಸಿದ್ದರಂತೆ. ಬಿಳಿಯರನ್ನು ಬಡಿಯಬಲ್ಲ ನಮ್ಮವರೂ ಇದ್ದಾರೆ ಎನ್ನುವ ಹೆಮ್ಮೆ ನನಗೆ ಆ ಮನೆಯಿಂದಲೇ ಬಂದಿತ್ತು. ಶಿವಪುರದಲ್ಲಿ ಸ್ವರಾಜ್ಯದ ಬಾವುಟ ಹಾರಿಸಿದ ಗಲಾಟೆ ನಡೆದ ಮೇಲಂತೂ ನಮ್ಮ ಸೀಮೆಯ ಗಾಳಿಯೇ ಬಿಸಿಯಾಗಿತ್ತು. ನನಗೆ ಸರ್ಕಾರಿ ಕೆಲಸ, ಬಾವುಟ ಹಿಡಿಯುವ ಧೈರ್ಯ ಇರಲಿಲ್ಲ. ಆ ಶೌರ್ಯವನ್ನೆಲ್ಲ ಜಪಾನಿನ ಲೆಕ್ಕಕ್ಕೆ ಹಾಕಿ ಹೇಳಿ ತೀರಿಸಿಕೊಳ್ಳುತ್ತಿದ್ದೆ.

ಕೇಳುವವರಲ್ಲಿ ಹೆಂಗಸರು ಕಡಿಮೆ. ಬರುತ್ತಿದ್ದವಳು ಒಬ್ಬಳೇ, ಸ್ಕೂಲಿನ ಹಿಂದಿನ ಮನೆಯ ವಿಧವೆ. ಜಗಲಿಯ ಕೊನೆಯಲ್ಲಿ, ಗಂಡಸರಿಂದ ಮಾರು ದೂರದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಲೋ ಕಡಲೆಕಾಯಿ ಬಿಡಿಸುತ್ತಲೋ ಕೇಳುತ್ತಿದ್ದಳು. ಒಂದು ಸಂಜೆ ಜಪಾನಿನವರು ಚೀನಾದಲ್ಲಿ ಊರು ಗೆದ್ದ ಸುದ್ದಿಯನ್ನು ನಾನು ಬೆತ್ತ ಬೀಸಿ ಬೀಸಿ ಹೇಳುತ್ತಿದ್ದಾಗ ಅವಳು ತಲೆಯೆತ್ತಿದಳು.

“ಮೇಷ್ಟ್ರೆ, ಆ ಚೀನಾದೋರು ಯಾವ್ ಕಡೆಯೋರು?”

“ಅವರೂ ಮೂಡಣದವರೇ ಕಣಮ್ಮ.”

“ಮತ್ತೆ ನಮ್ಮೋರು ನಮ್ಮೋರ್ನೇ ಯಾಕೆ ಬಡೀತಾವ್ರೆ?”

ಜನ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ‘ಅದು ರಾಜಕೀಯ, ನಿನಗೆ ತಿಳಿಯೋದಿಲ್ಲ, ಸುಮ್ಮನೆ ಕೂತ್ಕೊ’ ಅಂದೆ. ‘ತಿಳೀದು ಬುಡಿ’ ಅಂದು ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ನಾನು ಬೆತ್ತವನ್ನು ಚೀನಾದ ಮೇಲಿಂದ ತೆಗೆದು ಬೇರೆ ದೇಶದ ಮೇಲಿಟ್ಟೆ.

ಅವಳಿಗೆ ಇದ್ದವನು ಒಬ್ಬನೇ ಮಗ. ನನ್ನ ಹತ್ತಿರವೇ ಓದಿದವನು, ಒಳ್ಳೆಯ ದನಿ, ಲೆಕ್ಕದಲ್ಲಿ ದಡ್ಡ. ದಸರಾ ನೋಡಲು ಮೈಸೂರಿಗೆ ಹೋದವನು ಮಹಾರಾಜರ ಸಿಪಾಯಿಗಳು ಬೂಟು ಬಡಿದು ಸಾಲಾಗಿ ನಡೆಯುವುದನ್ನು ಕಂಡು ಮನಸೋತು, ಮಾರನೆಯ ತಿಂಗಳೇ ಹೋಗಿ ಸೇರಿಬಿಟ್ಟಿದ್ದ. ಅವ್ವನಿಗೆ ಹೇಳಿದ್ದು ಸೇರಿದ ಮೇಲೆ. ಅವಳು ಮೂರು ದಿನ ಊಟ ಬಿಟ್ಟಳು, ನಾಲ್ಕನೆಯ ದಿನ ಎದ್ದು ಗದ್ದೆಗೆ ಹೋದಳು. ಯುದ್ಧ ಬಂದು ಬ್ರಿಟಿಷರ ಪರ ಕಾದಾಡಲು ಅವನ ಪಡೆಯನ್ನು ಹಡಗು ಹತ್ತಿಸಿ ಮಲಯಕ್ಕೆ ಕಳಿಸಿದರು. ಅಲ್ಲಿಂದ ಅವನ ಕಾಗದಗಳು ಬರುತ್ತಿದ್ದವು. ಊರಿನ ಹೆಸರು ಇದ್ದ ಕಡೆಯೆಲ್ಲ ಸರ್ಕಾರದವರು ಕಪ್ಪು ಮಸಿ ಬಳಿದಿರುತ್ತಿದ್ದರು.

ಆ ಕಾಗದ ಓದಿ ಹೇಳುವವನೂ ನಾನು, ಉತ್ತರ ಬರೆಯುವವನೂ ನಾನು. ಓದು ಬಾರದವರ ಕಾಗದ ಬರೆಯುವುದಕ್ಕೆ ನಮ್ಮ ಕಡೆ ಒಂದು ಕ್ರಮ ಇತ್ತು. ಮೇಲಿನ ಒಕ್ಕಣೆ ಬರೆಯುವವನದು. ‘ಚಿರಂಜೀವಿ ಮಗನಿಗೆ ನಿನ್ನ ತಾಯಿ ಮಾಡುವ ಆಶೀರ್ವಾದಗಳು, ಉಭಯ ಕುಶಲೋಪರಿ’ ಅಂತ ಶುರುವಾಗುತ್ತಿತ್ತು. ಅದಾದ ಮೇಲೆ ಮಾತೆಲ್ಲ ಹೇಳುವವರದು. ಬರೆದು ಮುಗಿದ ಮೇಲೆ ಒಂದಕ್ಷರ ಬಿಡದೆ ಓದಿ ಹೇಳಬೇಕು. ಅವರು ‘ಊಂ’ ಅಂದಮೇಲೆ ಕಾಗದದ ಮೂಲೆಗೆ ಅರಿಸಿನ ಹಚ್ಚಿ ಮಡಿಸಬೇಕು. ಆ ‘ಊಂ’ ಇಲ್ಲದೆ ಕಾಗದ ಅಂಚೆಗೆ ಹೋಗುವಂತಿಲ್ಲ.

ಅವಳು ಹೇಳುತ್ತಿದ್ದುದು ಏನು? ಬಿಳಿ ಹಸು ಗಬ್ಬವಾಗಿದೆ. ಹುಚ್ಚೆಳ್ಳು ಹೂವಾಗಿದೆ. ಎಣ್ಣೆ ನೀರು ಹಾಕಿಕೊಳ್ಳುತ್ತೀಯೋ ಇಲ್ಲವೋ. ನೆಗಡಿಯಾದರೆ ಮೆಣಸು ಅಗಿ. ಇಂಥದ್ದನ್ನೇ ಬರೆದು ಬರೆದು ನನಗೆ ಬೇಸರ. ಲೋಕವೇ ಹೊತ್ತಿ ಉರಿಯುವಾಗ ಇವಳದೇನು ಹಸುವಿನ ಪುರಾಣ ಅಂತ ಒಂದು ಸಲ ‘ರಣರಂಗದಲ್ಲಿ ನಮ್ಮ ಊರಿಗೆ ಕೀರ್ತಿ ತಾ’ ಅಂತ ಸೇರಿಸಿದ್ದೆ. ಓದಿ ಹೇಳಿದಾಗ ಥಟ್ಟನೆ ಹಿಡಿದಳು.

“ನಾನೆಲ್ಲಿ ಅಂಗಂದೆ ಮೇಷ್ಟ್ರೆ? ಕೀರ್ತಿ ಗೀರ್ತಿ ಬ್ಯಾಡ. ತೆಗೀರಿ ಅದ. ನಾನಂದಷ್ಟೇ ಬರೀರಿ.”

ಅವಳ ಮುಂದೆಯೇ ಆ ಸಾಲನ್ನು ಹೊಡೆದುಹಾಕಬೇಕಾಯಿತು. ಅಕ್ಷರ ಬಾರದ ಹೆಂಗಸು ನನ್ನ ಬರಹ ತಿದ್ದಿದಳಲ್ಲ ಅಂತ ಒಳಗೇ ಕುದ್ದುಹೋದೆ.

ಅದೇ ವರ್ಷ ದಸರಾ ಕಳೆದ ಮೇಲೆ, ಜಪಾನಿನವರು ಇವತ್ತೋ ನಾಳೆಯೋ ಯುದ್ಧಕ್ಕೆ ಇಳಿಯುತ್ತಾರೆ ಎಂದು ಪೇಪರಿನಲ್ಲಿ ಬರುತ್ತಿದ್ದ ದಿನಗಳಲ್ಲಿ, ಅವಳು ಮತ್ತೆ ಕಾಗದ ಬರೆಸಲು ಬಂದಳು. ಮಧ್ಯಾಹ್ನದ ಬಿಡುವು, ಸ್ಕೂಲಿನ ಮೆಟ್ಟಿಲ ಮೇಲೆ ಕುಳಿತು ಬರೆದೆ. ಅವಳು ಹೇಳಿದ್ದೆಲ್ಲ ಮುಗಿಯಿತು. ಕೆಳಗೆ ಇನ್ನೂ ಎರಡು ಬೆರಳು ಜಾಗ ಉಳಿದಿತ್ತು. ಅಲ್ಲಿ ನಾನೇ ಬರೆದೆ: ‘ಜಪಾನಿನವರು ಬಂದರೆ ಹೆದರಿ ಓಡಬೇಡ, ಅವರು ನಮ್ಮ ಏಷ್ಯಾದವರೇ, ನಿನ್ನ ಕೂದಲೂ ಕೊಂಕುವುದಿಲ್ಲ. ಇದು ನಿನ್ನ ಹೆತ್ತವ್ವನ ಮಾತೆಂದು ತಿಳಿ.’

ಓದಿ ಹೇಳುವಾಗ ಆ ಎರಡು ಸಾಲನ್ನು ನುಂಗಿಕೊಂಡೆ. ಹೇಳಿದ್ದರೆ ತೆಗೆಸುತ್ತಿದ್ದಳು ಅನ್ನುವುದು ಗೊತ್ತಿತ್ತು, ಅದಕ್ಕೇ ನುಂಗಿದೆ. ಅವಳು ‘ಊಂ’ ಅಂದಳು. ಅರಿಸಿನ ಹಚ್ಚಿದಳು. ಮದ್ದೂರಿಗೆ ಹೋಗುವವರ ಕೈಯಲ್ಲಿ ಕಾಗದ ಕಳಿಸಿದೆ. ಹುಡುಗನಿಗೆ ಧೈರ್ಯ ಬರಲಿ ಅಂತಲೇ ಬರೆದದ್ದು, ದೇವರಾಣೆ. ಜೊತೆಗೆ ಇನ್ನೊಂದು ಖುಷಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬ್ರಿಟಿಷರ ಸಿಪಾಯಿಯ ಜೇಬಿಗೇ ನನ್ನ ರಾಜತಂತ್ರವನ್ನು ಕಳಿಸಿದೆನಲ್ಲ ಅಂತ. ಮಸಿ ಬಳಿಯುವವನು ಅದಕ್ಕೂ ಬಳಿದುಬಿಡುತ್ತಾನೇನೋ ಅಂದುಕೊಂಡಿದ್ದೆ. ಆ ಪುಣ್ಯಾತ್ಮ ಬಳಿಯಲಿಲ್ಲ ಅನ್ನುವುದು ನನಗೆ ತಿಳಿದದ್ದು ಐದಾರು ವರ್ಷ ಆದಮೇಲೆ.

ಸಿಂಗಪುರ ಬಿದ್ದ ಸುದ್ದಿ ಬಂದದ್ದು ಸುಗ್ಗಿ ಮುಗಿದ ಮೇಲೆ, ಕಣ ಎಲ್ಲ ಖಾಲಿಯಾಗಿದ್ದಾಗ. ನಾನು ಪೇಪರು ಬಿಚ್ಚಿದವನೇ ಎದ್ದು ನಿಂತೆ. ‘ಬಿತ್ತು ಕಣ್ರಯ್ಯಾ, ಬಿತ್ತು! ಬಿಳಿಯರ ಕೋಟೆ ಬಿತ್ತು!’ ಅಂತ ಕೂಗಿದೆ. ಯಾರೋ ಮನೆಯಿಂದ ಬೆಲ್ಲ ತಂದರು, ಹಂಚಿದರು. ನಾನೂ ಬಾಯಿಗೆ ಹಾಕಿಕೊಂಡೆ. ಆಮೇಲೆ ನೋಡುತ್ತೇನೆ, ಜಗಲಿಯ ಕೊನೆಯಲ್ಲಿ ಮೊರ ಮಾತ್ರ ಇದೆ, ಅವಳಿಲ್ಲ. ಥೂ ನನ್ನ ಜನ್ಮಕ್ಕೆ! ಅವಳ ಮಗ ಇರುವುದು ಅದೇ ಮಲಯದ ಸೀಮೆಯಲ್ಲಿ ಅನ್ನುವುದು ನನಗೆ ಮರೆತೇಹೋಗಿತ್ತು.

ಮೊರ ಎತ್ತಿಕೊಂಡು ಅವಳ ಮನೆಗೆ ಹೋದೆ. ಕಂಬಕ್ಕೆ ಒರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ.

“ಹೆದರಬೇಡಮ್ಮ. ಸೆರೆ ಸಿಕ್ಕಿರುತ್ತಾನೆ ಅಷ್ಟೆ. ಅವರು ಬಿಳಿಯರಲ್ಲ, ನಮ್ಮವರ ಹಾಗೇ. ನಮ್ಮವರನ್ನು ಏನೂ ಮಾಡೋದಿಲ್ಲ.”

“ಅವ್ರು ನಮ್ ಮಾತಾಡ್ತಾರಾ?”

“ಮಾತು ಬೇರೆ. ಮನಸ್ಸು ಒಂದೇ.”

“ಏನುಣ್ತಾರೆ?”

“ಅನ್ನ ಉಣ್ಣುತ್ತಾರೆ. ಮೂರು ಹೊತ್ತೂ ಅನ್ನವೇ.”

ಅವಳು ನನ್ನ ಕೈಯಿಂದ ಮೊರ ತೆಗೆದುಕೊಂಡು, “ಅಂಗಾರೆ ನನ್ ಮಗುನ್ಗೂ ಒಂದ್ ತುತ್ತು ಆಕ್ತಾರೆ ಬುಡಿ” ಅಂದಳು. ಮುಖದಲ್ಲಿ ಒಂದಿಷ್ಟು ಗೆಲುವು ಬಂತು. ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಎದ್ದುಬಂದೆ.

ಅಲ್ಲಿಂದ ಮೂರೂವರೆ ವರ್ಷ ಒಂದು ಕಾಗದ ಇಲ್ಲ. ಒಂದೇ ಒಂದು ಸರ್ಕಾರದ ಚೀಟಿ ಬಂತು: ಪತ್ತೆಯಿಲ್ಲ, ಸೆರೆಯಾಗಿರಬಹುದು. ಅವಳು ದಿನವೂ ಚಾವಡಿಗೆ ಬರುವುದನ್ನು ಬಿಡಲಿಲ್ಲ. ನಾನು ಓದು ಮುಗಿಸಿ ಪೇಪರು ಮಡಿಸಿದ ಮೇಲೆ ಒಂದೇ ಮಾತು ಕೇಳುತ್ತಿದ್ದಳು: “ಅವರ ಸುದ್ದಿ ಏನಾರ ಅದಾ?” ಅವರ ಅಂದರೆ ಸೆರೆಯಾದವರ. ‘ಇಲ್ಲಮ್ಮ, ಇಲ್ಲ ಅಂದರೆ ಒಳ್ಳೇದೇ’ ಅನ್ನುತ್ತಿದ್ದೆ. ಕೆಲವು ದಿನ ನನಗೆ ರೇಗುತ್ತಿತ್ತು. ಒಂದು ದಿನ ‘ಪೇಪರಿನವರು ನಿನ್ನ ಮಗನ ಸುದ್ದಿ ಬರೆಯೋದಕ್ಕೆ ಕೂತಿದ್ದಾರಾ?’ ಅಂತ ಗದರಿಯೂ ಗದರಿದೆ. ಮಾರನೆಯ ದಿನ ಮತ್ತೆ ಬಂದು ಅದೇ ಜಾಗದಲ್ಲಿ ಕುಳಿತು ಅದನ್ನೇ ಕೇಳಿದಳು.

ಜಪಾನಿನ ಮೇಲೆ ಆ ಎರಡು ಬಾಂಬು ಬಿದ್ದಾಗ ನಾನು ಪೇಪರನ್ನು ಕೈಯಲ್ಲಿ ಮುದುರಿ ಎಸೆದೆ. ‘ಇದೇ ಬಾಂಬನ್ನು ಬಿಳಿಯರ ಊರಿನ ಮೇಲೆ ಹಾಕುತ್ತಿದ್ದರೇ? ಹೇಳಿ, ಹಾಕುತ್ತಿದ್ದರೇ?’ ಅಂತ ಊರವರ ಮೇಲೆ ಹರಿಹಾಯ್ದೆ, ಅವರೇ ಹಾಕಿದವರೇನೋ ಅನ್ನುವಂತೆ. ಆ ಸಿಟ್ಟು ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಅವಳು ಮಾತ್ರ ಹತ್ತಿರ ಬಂದು ಮೆಲ್ಲಗೆ, “ಆ ಊರಾಗೆ ನನ್ ಮಗ ಇದ್ನಾ ಮೇಷ್ಟ್ರೆ?” ಅಂದಳು. ಇರಲಿಕ್ಕಿಲ್ಲ ಅಂದೆ. ನನಗೇನು ಗೊತ್ತಿತ್ತು!

ಯುದ್ಧ ನಿಂತ ಮೇಲೆ ಸಿಪಾಯಿಗಳು ಊರಿಗೆ ಬರಲು ಶುರುಮಾಡಿದರು. ಅವಳನ್ನು ಕರೆದುಕೊಂಡು ಮದ್ದೂರು ಸ್ಟೇಷನ್ನಿಗೆ ನಾಲ್ಕೈದು ಸಲ ಹೋದೆ, ಮಂಡ್ಯಕ್ಕೂ ಒಂದು ಸಲ. ಟ್ರಂಕು ಹೊತ್ತು ಇಳಿದವರ ಮುಖವನ್ನೆಲ್ಲ ನೋಡಿ, ರೈಲು ಹೊರಟ ಮೇಲೆ ಅವಳು ಪ್ಲಾಟ್‌ಫಾರಂ ಮೇಲೆಯೇ ಕುಕ್ಕರಗಾಲಲ್ಲಿ ಕುಳಿತುಬಿಡುತ್ತಿದ್ದಳು. ಏಳಿಸಿ ಕರೆತರಬೇಕಾಗುತ್ತಿತ್ತು. ಬರುಬರುತ್ತಾ ರೈಲಿನಿಂದ ಇಳಿಯುವ ಸಿಪಾಯಿಗಳು ಕಡಿಮೆಯಾದರು, ನಾವು ಹೋಗುವುದೂ ನಿಂತಿತು.

ಯುದ್ಧ ನಿಂತ ಎರಡನೆಯ ವರ್ಷ ಯುಗಾದಿಯ ಆಸುಪಾಸಿನಲ್ಲಿ ದಿಲ್ಲಿಯಲ್ಲಿ ಏಷ್ಯಾದ ದೇಶಗಳವರೆಲ್ಲ ಒಂದು ಸಭೆ ಸೇರಿದರು. ಆ ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಭೂಪಟದ ಅಂಚೆಲ್ಲ ಹರಿದಿತ್ತು, ಹೊಸ ಗೋಂದು ಹಚ್ಚಿ ತಂದು ಕಂಬಕ್ಕೆ ಕಟ್ಟಿದೆ. ‘ನಾನು ಹತ್ತು ವರ್ಷದಿಂದ ಬಡಕೊಂಡಿದ್ದು ಇದೇ ಅಲ್ಲವೇನ್ರಯ್ಯಾ? ಇನ್ನು ಪಡುವಣದವರು ನಮ್ಮನ್ನು ಕೇಳದೆ ಒಂದು ಹುಲ್ಲುಕಡ್ಡಿ ಅಲ್ಲಾಡಿಸುವ ಹಾಗಿಲ್ಲ’ ಅಂದೆ. ಜನ ಹೌದು ಹೌದು ಅಂದರು. ಅವಳು ಕೊನೆಯಲ್ಲಿ ಕುಳಿತು ಎಂದಿನಂತೆ ತನ್ನ ಮಾತನ್ನು ಕೇಳಿದಳು. ನಾನು ಎಂದಿನಂತೆ ಇಲ್ಲ ಅಂದೆ.

ಅದಾದ ಎರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಸ್ಕೂಲಿನ ಬಾಗಿಲಿಗೇ ಓಡಿಬಂದಳು. “ಮೇಷ್ಟ್ರೆ, ಬನ್ನಿ. ಯಾರೋ ಬಂದವ್ರೆ, ನನ್ ಮಗನ್ ಜೊತೇಲಿದ್ದೋರಂತೆ” ಅಂದಳು. ಮಗನ ವಿಷಯ ಏನೇ ಇದ್ದರೂ ಅದನ್ನು ನನ್ನನ್ನು ಕೂರಿಸಿಕೊಂಡೇ ಕೇಳಬೇಕು ಅನ್ನುವುದು ಅವಳಿಗೆ ಅಷ್ಟು ವರ್ಷದ ರೂಢಿ.

ಅವಳ ಮನೆಯ ಜಗಲಿಯ ಮೇಲೆ ಕುಳಿತಿದ್ದವನು ಮಳವಳ್ಳಿ ಕಡೆಯವನು. ಮೂವತ್ತು ದಾಟಿರಲಾರದು, ಐವತ್ತರವನ ಹಾಗೆ ಕಾಣುತ್ತಿದ್ದ. ಬಲಗಾಲಿನ ಬೆರಳುಗಳಿರಲಿಲ್ಲ, ಪಕ್ಕದಲ್ಲಿ ಊರುಗೋಲು ಇತ್ತು. ಸೆರೆಯಿಂದ ಬಿಡುಗಡೆಯಾದ ಮೇಲೆ ವರ್ಷದ ಮೇಲೆ ಆಸ್ಪತ್ರೆಗಳಲ್ಲೇ ಇದ್ದೆ, ನಡೆಯುವ ಶಕ್ತಿ ಬಂದದ್ದು ಈಚೆಗೆ, ಅದಕ್ಕೇ ತಡವಾಯಿತು ಅಂದ. ಅವಳು ನೀರು ಬೆಲ್ಲ ತಂದಿಟ್ಟಳು. ಅವನು ಮುಟ್ಟಲಿಲ್ಲ.

“ನಿನ್ ಮಗ ಇಲ್ಲ ಕಣವ್ವ,” ಅಂದ ಮೊದಲಿಗೇ. “ಸತ್ತು ಮೂರು ವರ್ಸ ಆಯ್ತು. ನಾನೇ ಮಣ್ಣು ಮಾಡ್ದೆ.”

ಅವಳು ಬಾಗಿಲ ಹೊಸ್ತಿಲ ಮೇಲೆ ಕುಳಿತಳು. ಕೂಗಲಿಲ್ಲ. “ಎಂಗೆ?” ಅಂದಳು.

ಅವನು ಹೇಳಿದ. ಸಿಂಗಪುರ ಬಿದ್ದ ಮೇಲೆ ಇವರನ್ನೆಲ್ಲ ಒಂದು ಬಯಲಿಗೆ ಕೂಡಿದರು. ಒಂದು ವರ್ಷ ಕಳೆದ ಮೇಲೆ ಹಡಗಿನ ತಳಕ್ಕೆ ತುಂಬಿ ಎಲ್ಲೋ ಒಂದು ದ್ವೀಪಕ್ಕೆ ಒಯ್ದರು. ಅಲ್ಲಿ ಕಾಡು ಕಡಿದು ವಿಮಾನ ಇಳಿಯಲು ಬಯಲು ಮಾಡುವ ಕೆಲಸ. ದಿನಕ್ಕೆ ಒಂದು ಹಿಡಿ ಅಕ್ಕಿ, ಆಮೇಲೆ ಅದೂ ಇಲ್ಲ. ಸೊಪ್ಪು, ಬೇರು, ಹಾವು, ಸಿಕ್ಕಿದ್ದು ತಿಂದರು. ಜ್ವರ ಬಂದು ಏಳಲಾಗದವನನ್ನು ದೊಣ್ಣೆಯಲ್ಲಿ ಬಡಿದು ಏಳಿಸುತ್ತಿದ್ದರು. ಒಂದು ಬೆಳಿಗ್ಗೆ ಇವಳ ಮಗ ಬಡಿದರೂ ಏಳಲಿಲ್ಲ.

ನಾನು ನೆಲ ನೋಡುತ್ತಾ ಕುಳಿತಿದ್ದೆ. ಮೂರು ಹೊತ್ತೂ ಅನ್ನ ಅಂತ ಹೇಳಿದ್ದ ನಾಲಗೆ ಇದೇ.

ಅವನು ಹೇಳುವುದು ಅಷ್ಟಕ್ಕೆ ಮುಗಿಯಲಿಲ್ಲ. ಊರುಗೋಲನ್ನು ಕೈಗೆ ತೆಗೆದುಕೊಂಡು ಅವಳ ಕಡೆಗೆ ಬಗ್ಗಿದ.

“ನಾ ಒಂದ್ ಮಾತು ಕೇಳವಾ ಅಂತ್ಲೇ ಬಂದೆ ಕಣವ್ವ. ಸೆರೆಯಾದ್ ಮೊದಲ್ನೇ ವಾರ ಬೇಲಿ ಇನ್ನೂ ಸರ್ಯಾಗಿ ಆಕಿರ್ನಿಲ್ಲ. ರಬ್ಬರ್ ತ್ವಾಟದ ತಮಿಳ್ರು ಬಚ್ಚಿಟ್ಕತೀವಿ ಬನ್ರಪ್ಪ ಅಂದಿದ್ರು. ಆರ್ ಜನ ಓಡೋದ್ರು. ಆರೂ ಜನ ಬದ್ಕವ್ರೆ, ಇವತ್ತು ಅವರ್ ಮನೇಲವ್ರೆ. ನಾವಿಬ್ರೂ ಅವರ್ ಹಿಂದೇನೇ ಒಂಟಿದ್ವಿ. ನಿನ್ ಮಗ ನಿಂತ್ಬುಟ್ಟ. ನಮ್ಮವ್ವ ಕಾಗದ ಬರೆಸವ್ಳೆ, ಅವ್ರು ನಮ್ಮೋರೇ, ಓಡ್ಬ್ಯಾಡ ಅಂದವ್ಳೆ, ನಮ್ಮವ್ವ ಸುಳ್ಳಾಡಕಿಲ್ಲ ಅಂದ. ನಂಗೂ ಓದಿ ಯೋಳ್ದ. ನಾನೂ ನಿಂತ್ಕಂಡೆ. ನಿನ್ಗೆ ಯಾರವ್ವ ಯೋಳಿದ್ರು, ಅವ್ರು ನಮ್ಮೋರು ಅಂತ?”

ಅವಳಿಗೆ ಅರ್ಥವೇ ಆಗಲಿಲ್ಲ. “ನಾನಾ? ನಾನಂಗೆ ಬರೆಸ್ನಿಲ್ಲ ಕಣಪ್ಪ.”

“ಬರೆಸಿದ್ದೆ ಕಣವ್ವ! ನಾನು ಕಿವಿಯಾರೆ ಕೇಳಿವ್ನಿ. ಇದು ನಿನ್ ಹೆತ್ತವ್ವನ ಮಾತು ಅಂತ ಕೊನೇಲಿತ್ತು.”

ಅವನ ದನಿ ಏರಿತ್ತು. ಅವಳು ಗಲಿಬಿಲಿಯಾಗಿ ಹಣೆ ಉಜ್ಜಿಕೊಂಡಳು. ಹಸು, ಹುಚ್ಚೆಳ್ಳು, ಎಣ್ಣೆ ನೀರು ಅಂತ ತನ್ನಷ್ಟಕ್ಕೆ ತಾನೇ ಬೆರಳು ಮಡಿಸಿ ನೆನೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಬರೆಸಿದ್ನಾ ಮೇಷ್ಟ್ರೆ? ನಂಗೆ ನೆಪ್ಪಾಗಕಿಲ್ಲ. ನಿಮ್ಗೆ ನೆಪ್ಪಿರ್ತದೆ, ಯೋಳಿ. ಬರೆಸಿದ್ರೂ ಬರೆಸಿದ್ದೇನೋ.”

ತನ್ನ ನೆನಪಿಗಿಂತ ನನ್ನ ಮಾತೇ ಅವಳಿಗೆ ಗಟ್ಟಿಯಾಗಿತ್ತು. ನಾನು ‘ಹೂಂ’ ಅಂದಿದ್ದರೆ ಮುಗಿಯುತ್ತಿತ್ತು. ಆ ಮನುಷ್ಯ ಅವಳನ್ನು ಎರಡು ಮಾತು ಅಂದು ಮಳವಳ್ಳಿಯ ಬಸ್ಸು ಹತ್ತುತ್ತಿದ್ದ, ಅವಳು ಮಗನನ್ನು ಕೊಂದವಳು ತಾನೇ ಅಂದುಕೊಂಡು ಸಾಯುವವರೆಗೆ ಎದೆ ಬಡಿದುಕೊಳ್ಳುತ್ತಿದ್ದಳು, ನಾನು ಸಂಜೆ ಚಾವಡಿಗೆ ಹೋಗಿ ದಿಲ್ಲಿಯ ಸಭೆಯ ಉಳಿದ ಸುದ್ದಿ ಓದುತ್ತಿದ್ದೆ. ಹಾಗೆ ಅನ್ನಲು ಬಾಯಿ ತೆರೆದೆ ಕೂಡ.

“ಅದು ನಾನು ಬರೆದದ್ದು,” ಅಂದೆ. “ನೀನು ಹೇಳಿರಲಿಲ್ಲ. ನಿನಗೆ ಓದಿಯೂ ಹೇಳಲಿಲ್ಲ.”

ಬಂದವನು ನನ್ನನ್ನೇ ನೋಡಿದ. ಊರುಗೋಲು ಎತ್ತಿ ಬಡಿಯುತ್ತಾನೆ ಅಂದುಕೊಂಡೆ. ಬಡಿದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ಕೋಲನ್ನು ನೆಲಕ್ಕೆ ಇಟ್ಟು ಮುಖ ಆಚೆಗೆ ತಿರುಗಿಸಿಕೊಂಡ.

ಅವಳು ನನಗೆ ಬಯ್ಯುತ್ತಾಳೆ, ಮಣ್ಣು ತೂರುತ್ತಾಳೆ ಅಂತ ಕಾದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅವನನ್ನು ಕೇಳಿದಳು:

“ಸಾಯೋಗಂಟ ಅವ್ನು ಅದು ನನ್ ಮಾತು ಅಂತ್ಲೇ ತಿಳ್ಕಂಡಿದ್ನಾ?”

ಅವನು ಸುಳ್ಳು ಹೇಳಲಿ ಅಂತ ನಾನು ಮನಸ್ಸಿನಲ್ಲೇ ಅವನಿಗೆ ಕೈ ಮುಗಿದೆ. ಅವನು ತಲೆಯಾಡಿಸಿದ, ಹೌದು ಅಂತ.

ಆಗ ಅವಳು ಎದ್ದಳು. ಒಳಗೆ ಹೋಗಿ ಅರಿಸಿನದ ಬಟ್ಟಲು ತಂದು ನನ್ನ ಮುಂದೆ ಇಟ್ಟಳು, ಕುಳಿತಳು.

“ಬರೀರಿ ಮೇಷ್ಟ್ರೆ,” ಅಂದಳು. “ನಾನಂಗೆ ಅಂದಿರ್ನಿಲ್ಲ ಅಂತ ನನ್ ಮಗುನ್ಗೆ ಬರೀರಿ.”